ಗುಂಡಿ ಎಷ್ಟು?

ಅಪ್ಪನಿಗೆ ನಮಸ್ಕಾರ.

ಇಲ್ಲೊಂದು ವಿಚಿತ್ರ ಆಟ. ಮೊಬೈಲ್ ತೋರಿಸಿದ ಜಾಗಕ್ಕೆ ಹೋಗಬೇಕು. ಅಲ್ಲಿ ನಿಧಿಯೂ ಇಲ್ಲ, ಡಬ್ಬಿಯೂ ಇಲ್ಲ. ಇರುವುದನ್ನು ನೋಡಿ ಒಂದು ಪ್ರಶ್ನೆಗೆ ಉತ್ತರ ಕಳಿಸಬೇಕು. ನಿಮ್ಮ ಅಳಿಯ ನನ್ನನ್ನೂ ಎಳೆದುಕೊಂಡು ಹೋದರು. ನೋಡಿದರೆ, ಬೀದಿ ನಡುವೆ ಎರಡಾಳು ಎತ್ತರದ ಕಂಚಿನ ಕೋಟು ನಿಂತಿದೆ, ಒಳಗೆ ಮನುಷ್ಯನೇ ಇಲ್ಲ! ಮೊಬೈಲು ಕನ್ನಡಕ್ಕೆ ತಿರುಗಿಸಿಕೊಟ್ಟ ಪ್ರಶ್ನೆ: “ಗುಂಡಿ ಎಷ್ಟು?”

ಟೈಲರ್ ಮಗಳಲ್ಲವೇ, ಸುತ್ತು ಬಂದು ನೋಡಿದೆ. ಕಾಜ ಆರಿವೆ, ಗುಂಡಿ ಒಂದೂ ಇಲ್ಲ. “ಸೊನ್ನೆ ಅಂತ ಬರೀರಿ” ಅಂದೆ. ನಿಮ್ಮ ಅಳಿಯನೋ ರಸ್ತೆ ಕೆಲಸದ ಮೇಸ್ತ್ರಿ, ಅವರ ಕಣ್ಣು ಇನ್ನೆಲ್ಲಿರುತ್ತದೆ? “ಎಲ್ಲಿ ಸೊನ್ನೆ? ಕೆಳಗೆ ನೋಡೇ, ನಾಲ್ಕು ಗುಂಡಿ ಬಿದ್ದಿವೆ” ಎಂದು ನಾಲ್ಕನ್ನೇ ಕಳಿಸಿದರು. ಸರಿಯುತ್ತರ ಅಂತ ಬಂತು! ಕೇಳಿದ್ದು ಕೋಟಿನದೋ ರಸ್ತೆಯದೋ, ನನಗಿನ್ನೂ ತಲೆಬುಡ ತಿಳಿಯುತ್ತಿಲ್ಲ.

ನಾವು ಆರೋಗ್ಯ. ಆಪರೇಷನ್ ಆದ ಕಣ್ಣಿಗೆ ಹನಿ ತಪ್ಪಿಸಬೇಡಿ, ಸೂಜಿ ಮುಟ್ಟಬೇಡಿ. ಜಾಗ ಮುಗಿಯಿತು, ಒಂದೇ ಮಾತು: ಈ ಕಾರ್ಡಿಗೆಂದು ಪೆನ್ನು ಹುಡುಕುವಾಗ ಪರ್ಸಿನಲ್ಲಿ ನಿಮ್ಮ ಕೋಟಿನ ಗುಂಡಿ ಸಿಕ್ಕಿತು. ಹೊರಡುವ ಮುಂಚೆ ಹೊಲಿದುಕೊಡುತ್ತೇನೆಂದು ನಾನೇ ಇಸಿದುಕೊಂಡಿದ್ದೆ. ಮಂಚದ ಕೆಳಗೆ ಹುಡುಕಬೇಡಿ.

ನಿಮ್ಮ ಮಗಳು