ಬಾವಿಯ ನೀರು ಮುಟ್ಟಬೇಡಿರಿ

ವೈನಿ,

ನಿನ್ನೆ ಗುಡಿಯ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು ಅಣ್ಣ ನನಗೆ, “ಏಳನೇತ್ತಕ್ಕ ಸಾಲಿ ಬಿಟ್ಟ ಕತ್ತೆ, ನಮಗ ಬುದ್ಧಿ ಹೇಳಾಕ ಬಂದದ ನೋಡ್ರಿ” ಎಂದ. ಎಲ್ಲರೂ ನಕ್ಕರು. ತೊಗರಿಯ ಹುಳಕ್ಕೆ ವಿಷದ ಎಣ್ಣಿ ಹೊಡೆದ ಪಂಪನ್ನು ನಮ್ಮ ಬಾವಿಯಲ್ಲಿ ತೊಳೆಯಬೇಡ ಎಂದಿದ್ದೆ, ಅಷ್ಟೇ.

ಈಗ ಹೋಗಿ ನೋಡಿ ಬಂದೆ. ಬಾವಿಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿವೆ.

ಹಂಡೆಯಲ್ಲಿರುವುದು ಬಾವಿಯ ನೀರು. ಎಮ್ಮೆಗೂ ಇಡಬೇಡಿರಿ. ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಮುಚ್ಚಿಟ್ಟಿದ್ದೇನೆ.

ಗುಡಿಯ ನಳದಿಂದ ಎರಡು ಕೊಡ ತಂದಿದ್ದೇನೆ, ಅದನ್ನೇ ಕುಡಿಯಿರಿ. ನಿಮ್ಮ ಭಾಗುವಿನ ಶಾಲೆಯ ಬಾಟಲಿಯನ್ನೂ ಅದರಿಂದಲೇ ತುಂಬಿದ್ದೇನೆ.

ನೀವು ಉಪ್ಪು ತುಂಬಿಟ್ಟ ನೀಲಿ ಡಬ್ಬಿ ಎಣ್ಣಿಯದು. ಇನ್ನು ಯಾರೂ ಏನೂ ತುಂಬಬಾರದೆಂದು ಅದಕ್ಕೆ ತೂತು ಹೊಡೆದಿದ್ದೇನೆ. ಉಪ್ಪು ಹಾಳಾಯಿತೆಂದು ಬೈಯಬೇಡಿರಿ.

ಮೂರು ವರ್ಷ ನಾನೂ ಪಂಪು ತೊಳೆದದ್ದು ಆ ಬಾವಿಯಲ್ಲೇ. ನಿನ್ನೆ ಕಟ್ಟೆಯಿಂದ ಎದ್ದು ಬಂದದ್ದು ಅದಕ್ಕೇ. ಅಣ್ಣನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಅಪ್ಪ ನಮ್ಮಿಬ್ಬರಿಗೂ ಈಜು ಕಲಿಸಿದ್ದು ಅದೇ ನೀರಿನಲ್ಲಿ. ಬಾಯಿಗೆ ಹೊಕ್ಕ ನೀರನ್ನು ನುಂಗಿ ನಗುತ್ತಿದ್ದೆವು. ಇನ್ನು ಭಾಗುವಿಗೆ ನಾವು ಕಲಿಸಬೇಕಾದದ್ದು ಒಂದೇ: ಬಾವಿಯ ಕಡೆ ಹೋಗಬೇಡ.

ಇಜೇರಿ ಊರಲ್ಲಿ ಮನೆ ಕಟ್ಟುವ ಗೌಂಡಿ ಕೆಲಸವಿದೆಯಂತೆ, ಹೋಗುತ್ತೇನೆ. ಇನ್ನು ಎಣ್ಣಿ ಹೊಡೆಯುವುದಿಲ್ಲ.

ಅಣ್ಣ ಅಂಗಳದಲ್ಲಿ ನಿಂತು ಕೂಗುತ್ತಿದ್ದಾನೆ, “ಎಲ್ಲಿ ಸತ್ತೀಲೇ, ಪಂಪ್ ತಗೊಂಡು ಬಾ!”

ಪಂಪು ಮೂಲೆಯಲ್ಲೇ ಇದೆ. ನಾನು ಹಿತ್ತಲ ಬಾಗಿಲಿನಿಂದ ಹೊರಟೆ.