ಅತಿಯಾಳ ಬಾಜು ಕುಳಿತವಳು

ನವಲಗುಂದ
೯ ಮೇ ೨೦೨೫

ಮುದ್ದಿನ ಅತಿಯಾ, ನಿನ್ನ ಅಬ್ಬಾನ ದುವಾ.

ಆರೋಗ್ಯ ಹೇಗಿದೆ? ಹಾಸ್ಟೆಲ್ಲಿನ ನೀರಿಗೆ ಬಂದ ಕೆಮ್ಮು ಹೋಯಿತೇ? ನನ್ನ ಮೊಣಕಾಲು ಹಾಗೇ ಇದೆ. ನೀನು ಹೇಳಿದಂತೆ ಎಳ್ಳೆಣ್ಣೆ ತಿಕ್ಕುತ್ತಿದ್ದೇನೆ. ಫೋನು ಬಿಟ್ಟು ಕಾಗದ ಬರೆದದ್ದಕ್ಕೆ ನಗಬೇಡ, ನಿನ್ನ ಕೈಯಕ್ಷರದ ಉತ್ತರವೇ ನನಗೆ ಬೇಕು.

ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾಗಿ ನೀನು ಅತ್ತಾಗ ಹೇಳಿದವನು ನಾನೇ: ಕ್ಲಾಸಿನಲ್ಲಿ ಓದಿಗೆ ಮುಂದಿರುವ ಶಾಣ್ಯಾ ಹುಡುಗಿ ಯಾರು ಅಂತ ನೋಡಿ ಅವಳ ಬಾಜು ಕೂಡು, ಆ ಜಾಗ ಬಿಡಬೇಡ. ಬಿ.ಎ. ಅರ್ಧಕ್ಕೆ ಬಿಟ್ಟರೂ ನಮ್ಮ ಇಂಗ್ಲಿಷ್ ಮಾಸ್ತರರ ಮಾತು ನೆನಪಿದೆ, 'ಎ ಮ್ಯಾನ್ ಈಸ್ ನೋನ್ ಬೈ ದಿ ಕಂಪನಿ ಹಿ...' ಮುಂದೆ 'ಕೀಪ್ಸ್' ಅಂತಿತ್ತೋ 'ಲೂಸಸ್' ಅಂತಿತ್ತೋ. ಇರಲಿ, ಸಹವಾಸದಿಂದಲೇ ಮನುಷ್ಯನ ಗುರುತು ಅಂತ ಅರ್ಥ. ನೀನು ಅಣ್ಣಿಗೇರಿಯ ಸೌಂದರ್ಯಾಳ ಬಾಜು ಕುಳಿತೆ, ಮೂರನೆಯ ಸೆಮಿಸ್ಟರಿಗೆ ಕ್ಲಾಸಿಗೇ ಮೊದಲು ಬಂದೆ. ನಾನು ಓಣಿಗೆಲ್ಲ ಪೇಢೆ ಹಂಚಿದೆ. ಈದಿಗೆ ಬಂದಾಗ ಬಿಟ್ಟುಹೋದ ನಿನ್ನ ನೋಟಬುಕ್ಕನ್ನು ಮೊನ್ನೆ ತೆರೆದು ನೋಡಿದೆ. ಮೊದಲ ಹಾಳೆಗಳಲ್ಲಿ ನಿನ್ನ ಕೋಳಿಕಾಲಿನ ಅಕ್ಷರ. ಬರುಬರುತ್ತ ಅವು ದುಂಡಗಾಗಿ, ಎಡಕ್ಕೆ ವಾಲಿ, ಕೊನೆಗೆ ನಿನ್ನವೆಂಬ ಗುರುತೇ ಉಳಿದಿರಲಿಲ್ಲ. ಆಗ ನನಗೆ ಸಂತೋಷವೇ ಆಯಿತು.

ಆ ಹುಡುಗಿಗೆ ಉಪಕಾರ ಹೇಳೋಣವೆಂದು, ನಿನ್ನ ಅಮ್ಮಿ ಇದ್ದಾಗ ನೇಯ್ದ ಸಣ್ಣ ಜಮಖಾನೆ ಹಿಡಿದು ನಿನ್ನೆ ಅಣ್ಣಿಗೇರಿಗೆ ಹೋದೆ. ತಿಂಗಳಿಂದ ಅವಳು ಮನೆಯಲ್ಲೇ ಇದ್ದಾಳಂತೆ, ನೀನು ಹೇಳಲೇ ಇಲ್ಲ. ಅವಳಪ್ಪ ಸಂಗನಬಸವ ಅಂದ, "ತಾಲೂಕಿಗೇ ಮೊದಲ ಬಂದಾಕಿರಿ ಸಾಬರ. ಈಗ ಎರಡು ವಿಷಯ ಹೋಗ್ಯಾವ. ಓದಿದ್ದು ತಲ್ಯಾಗ ನಿಲ್ಲವಲ್ದು ಅಂತಾಳ." ಹೋದದ್ದು ನಿನಗೆ ಅಂದು ಹೋಗಿದ್ದ ಅವೇ ಎರಡು ವಿಷಯ. ಅವಳ ನೋಟಬುಕ್ಕು ತೋರಿಸಿದ. ಮೊದಲ ಹಾಳೆಗಳಲ್ಲಿ ಎಡಕ್ಕೆ ವಾಲಿದ ದುಂಡನೆಯ ಅಕ್ಷರ, ಕೊನೆಯ ಹಾಳೆಗಳಲ್ಲಿ ನಿನ್ನ ಕೋಳಿಕಾಲು. ಅಷ್ಟರಲ್ಲಿ ಅವಳು ಚಹಾ ತಂದಿಟ್ಟು, "ಅಬ್ಬಾ, ಕಾಲ ಮಡಚಬ್ಯಾಡ್ರಿ. ಎಣ್ಣಿ ತಿಕ್ಕೀರಿಲ್ಲೊ?" ಅಂದಳು. ನನ್ನ ಕಾಲಿನ ಮಾತು ಆ ಮನೆಯಲ್ಲಿ ನಾನು ಎತ್ತಿರಲೇ ಇಲ್ಲ. ಸಂಗನಬಸವ ತಲೆ ತಗ್ಗಿಸಿ, "ತಿಂಗಳಾತ್ರಿ, ನನಗೂ ಅಬ್ಬಾ ಅಂತಾಳ" ಅಂದ.

ಬರುವಾಗ ಬಸ್ಸಿನಲ್ಲಿ ನಿನ್ನ ಅಮ್ಮಿಯೇ ನೆನಪಾದಳು. ಅವಳೂ ರೇಷ್ಮಾಬಿಯೂ ಒಂದೇ ಮಗ್ಗಕ್ಕೆ ಜೋಡಿಯಾಗಿ ಕೂಡುತ್ತಿದ್ದರಲ್ಲ, ದಿನವೂ ಜಾಗ ಬದಲಿಸುತ್ತಿದ್ದರು. "ಒಂದ ಕಡೆ ಭಾಳ ದಿನಾ ಕುಂತ್ರ ಜಮಖಾನಿ ಗಟ್ಟಿ ಕೈಯಾಕಿ ಕಡೆ ಓಡತೈತಿ" ಅನ್ನುತ್ತಿದ್ದಳು. ಗಟ್ಟಿ ಕೈ ನಿನ್ನದೆಂದು ನಾನು ಎಣಿಸಿರಲಿಲ್ಲ. ಜಾಗ ಬಿಡಬೇಡ ಅಂದೆ, ಬದಲಿಸು ಅನ್ನಲಿಲ್ಲ. ತಪ್ಪು ನನ್ನದು. ಸೋಮವಾರ ಅವಳು ಪರೀಕ್ಷೆಗೆಂದು ತಿರುಗಿ ಬರುತ್ತಾಳೆ. ಅವಳ ಜಾಗದಲ್ಲಿ ನೀನು ಕೂಡು, ನಿನ್ನ ಜಾಗದಲ್ಲಿ ಅವಳನ್ನು ಕೂಡಿಸು. ನಿನ್ನ ಮಾರ್ಕು ಇಳಿದರೆ ಇಳಿಯಲಿ. ಫೇಲಾದ ಅತಿಯಾಳನ್ನು ನಾನು ಬಲ್ಲೆ.

ಅಲ್ಲಾಹನು ನಿನ್ನನ್ನು ನಿನಗೇ ಉಳಿಸಲಿ.

ನಿನ್ನ ಅಬ್ಬಾ,
ಕಾಸೀಮಸಾಬ

ತಾ.ಕ.: ಹೊರಡುವಾಗ ಬಾಗಿಲಲ್ಲಿ ಆ ಹುಡುಗಿ ಒಂದು ಹೆಸರು ಹೇಳಿ, "ಹಿಂಗ ಕರೀತಿದ್ಲಲ್ರಿ ಅಮ್ಮಿ ನನ್ನ?" ಅಂದಳು. ನಿನ್ನ ತಲೆ ಬಾಚುವಾಗ ಅಮ್ಮಿ ಕರೆಯುತ್ತಿದ್ದ ಹೆಸರು ಅದು. ನಮ್ಮ ಮೂವರ ಹೊರತು ಯಾರಿಗೂ ಗೊತ್ತಿಲ್ಲ. ಆ ಹೆಸರನ್ನು ಕೂಡಲೇ ಬರೆದು ಕಳಿಸು, ಯಾರನ್ನೂ ಕೇಳಬೇಡ. ನೆನಪಿಗೆ ಬಾರದಿದ್ದರೆ ಪರೀಕ್ಷೆ ಸುಡಲಿ, ಮೊದಲ ಬಸ್ಸಿಗೆ ಮನೆಗೆ ಬಾ.