ಮೂಗಿನ ಮಟ್ಟಕ್ಕೆ ಹಿಡಿದ ಹಾಳೆ

ಹದಿನಾಲ್ಕನೇ ತಾರೀಖು
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ನೀನೂ ನಿನ್ನ ಹೆಂಡತಿಯೂ ಪುಟ್ಟ ಗುಬ್ಬಿಯೂ ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನನ್ನ ಮಂಡಿನೋವು ಹಾಗೇ ಇದೆ, ಹೊಸದೇನಿಲ್ಲ. ಈ ಕಾಗದ ಮೂರು ತಿಂಗಳು ತಡವಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹವಾಮಾನದ ಬಗ್ಗೆ ಎರಡು ಸಾಲು ಬರೆದು ಎದ್ದೆ. ಫೋನಿನಲ್ಲಿ ನೀನು ಸಿಗುವುದಿಲ್ಲ. ಸಿಕ್ಕರೂ ಸಿಟ್ಟು ಬಂದಾಗ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡುವುದು ಅಷ್ಟು ಸುಲಭವಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಎಂದಿನಂತೆ ಇದನ್ನು ನಿನ್ನ ಹೆಂಡತಿಯೇ ಓದಿ ಹೇಳುತ್ತಿರುತ್ತಾಳೆ. ನಿನ್ನ ಕನ್ನಡಕ ಇಪ್ಪತ್ತು ವರ್ಷದಿಂದ ಕಳೆದುಹೋಗಿದೆಯಲ್ಲ. ಓದಿ ಹೇಳುವ ನೀನು, ಅಮ್ಮಾ, ಗುಬ್ಬಿ ಶಾಲೆಯಲ್ಲಿರುವ ಹೊತ್ತಿನಲ್ಲಿ ಓದು. ಲಕೋಟೆಯೊಳಗೆ ಮಡಚಿದ ಇನ್ನೊಂದು ಚೀಟಿ ಇದೆ. ಅದನ್ನು ಈಗಲೇ ಬಿಡಿಸಬೇಡ.

ನನ್ನ ಕೆಲಸದ ಸುದ್ದಿಯಿಂದ ಶುರುಮಾಡುತ್ತೇನೆ. ಸರ್ಕಾರ ಓದು ಕಲಿಸುವ ಹಳೆಯ ರೀತಿಯನ್ನು ನಿಲ್ಲಿಸಿದ್ದು ನಿನಗೆ ಗೊತ್ತೇ ಇದೆ. ಚಿತ್ರ ತೋರಿಸಿ, ಕಥೆ ಹೇಳಿ, ಗೊತ್ತಿಲ್ಲದ ಪದವನ್ನು ಮಗುವೇ ಊಹಿಸಲಿ ಎಂದು ಬಿಡುವ ರೀತಿ ಅದು. ಇಪ್ಪತ್ತಾರು ವರ್ಷ ಮೇಷ್ಟರುಗಳಿಗೆ ನಾನು ಹೇಳಿಕೊಟ್ಟದ್ದು ಅದನ್ನೇ. ಈಗ ಅಕ್ಷರ ಮೊದಲು, ಅದರ ಸದ್ದು ಮೊದಲು, ಪಾಠದ ಮೇಲೆ ಪಾಠ, ಒಂದನ್ನೂ ಹಾರಿಸುವಂತಿಲ್ಲ. ಅಧ್ಯಯನಗಳಿಂದ ಸಾಬೀತಾದದ್ದನ್ನು ಮಾತ್ರ ತರಗತಿಯಲ್ಲಿ ಕಲಿಸಬೇಕೆಂದು ಕಾನೂನೇ ಬಂದಿದೆ. ಅದನ್ನು ಮೇಷ್ಟರುಗಳಿಗೆ ಹೇಳಿಕೊಡುವವಳೂ ನಾನೇ. ಅದೇ ಹಾಲ್, ಅದೇ ಮೇಜು. ಪರದೆ ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದಾರೆ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದರೆ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಸಂಜೆಯವರೆಗೆ ತಿಳಿಯುವುದಿಲ್ಲ.

ಮೊದಲ ದಿನವೇ ಹಿಂದಿನ ಸಾಲಿನಿಂದ ಒಬ್ಬ ದಪ್ಪ ಮೀಸೆಯ ಮೇಷ್ಟರು ಎದ್ದು ನಿಂತರು. "ಮೇಡಂ, ಹತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತ್ಕೊಂಡು ಇದಕ್ಕೆ ಪೂರ್ತಿ ಉಲ್ಟಾ ಹೇಳಿದ್ದು ನೀವೇ ಅಲ್ವಾ? ನನ್ನ ಹತ್ರ ನೋಟ್ಸ್ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಅಧ್ಯಯನಗಳು ನಮ್ಮ ಕೈಗೆ ಬಂದಿರಲಿಲ್ಲ ಎಂದೆ.

"ಅಂದ್ರೆ ಆಗ ಸಾಕ್ಷಿನೇ ಇರ್ಲಿಲ್ಲ ಅಂತೀರಾ?"

"ಇರಲಿಲ್ಲ," ಎಂದೆ. ಅವರು ಕೂತರು. ನಾನು ಆ ದಿನ ಊಟ ಮಾಡಲಿಲ್ಲ.

ಪ್ರತಿ ತರಬೇತಿಯಲ್ಲೂ ಪರದೆಯ ಮೇಲೆ ಒಂದು ಫೋಟೋ ಬರುತ್ತದೆ. ಆರು ವರ್ಷದ ಹುಡುಗ, ಮುಂದಿನ ಹಲ್ಲು ಬಿದ್ದಿದೆ, ಮಡಿಲಲ್ಲಿ ಪುಸ್ತಕ. ನನ್ನ ಹಳೆಯ ಕೈಪಿಡಿಯ ಮುಖಪುಟಕ್ಕೆ ಹಾಕಿದ್ದ ನಿನ್ನ ಫೋಟೋ. ಆಗ ಅದರ ಕೆಳಗೆ 'ತಾನಾಗಿ ಓದಲು ಕಲಿತ ಮಗು' ಎಂದಿತ್ತು. ಈಗ ಅದೇ ಫೋಟೋದ ಮೇಲೆ ದೊಡ್ಡ ಕೆಂಪು ಗೀಟು, ಕೆಳಗೆ 'ಹೀಗೆ ಕಲಿಸಬಾರದು'. ಹುಡುಗ ಯಾರೆಂದು ಅಲ್ಲಿ ಯಾರಿಗೂ ತಿಳಿಯದು. ವಾರಕ್ಕೆ ಎರಡು ಸಲ ಆ ಗೀಟಿನ ಪಕ್ಕ ನಿಂತು, ಕೋಲಿನಿಂದ ನಿನ್ನನ್ನು ತೋರಿಸಿ ಮಾತಾಡುತ್ತೇನೆ. ಈ ಕೆಲಸದಿಂದ ನನ್ನನ್ನು ಬಿಟ್ಟುಬಿಡಿ ಎಂದು ನಿರ್ದೇಶಕರನ್ನು ಕೇಳಿದೆ. "ಹಳೇದನ್ನ ನಿಮ್ಮಷ್ಟು ಬಲ್ಲೋರು ಯಾರಿದ್ದಾರಮ್ಮ? ನೀವು ತಪ್ಪು ಅಂದ್ರೇನೇ ಜನ ನಂಬೋದು," ಎಂದರು. ಒಳ್ಳೆಯ ಮಾತೇ. ಕೈಗೆ ಒಂದು ಹೂಗುಚ್ಛವನ್ನೂ ಕೊಟ್ಟರು. ಆ ಹುಡುಗ ನನ್ನ ತಮ್ಮ ಎಂದು ಬಾಯಿಬಿಟ್ಟರೆ ಮುಂದಿನ ವಾರ ನಿನ್ನನ್ನೇ ಕರೆಸಿ ವೇದಿಕೆಯ ಮೇಲೆ ಕೂರಿಸುತ್ತಾರೆ. ಹೇಳದಿದ್ದರೆ ಗೀಟು ಹಾಗೇ ಇರುತ್ತದೆ. ನಾನೂ ಅದರ ಪಕ್ಕ ಹಾಗೇ ಇರುತ್ತೇನೆ.

ಇನ್ನು ಗುಬ್ಬಿಯ ವಿಷಯ. ಅದನ್ನು ಬರೆಯದೆ ಈ ಕಾಗದಕ್ಕೆ ಅರ್ಥವಿಲ್ಲ.

ಮೂರನೇ ತರಗತಿಯ ಮಕ್ಕಳು ಒಂದು ನಿಮಿಷದಲ್ಲಿ ನಲವತ್ತು ಪದ ಓದಬೇಕು, ಓದದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ಇದೂ ಕಾನೂನು. ಪರೀಕ್ಷಕರಿಗೆ ಕೊಟ್ಟ ಸೂಚನೆಗಳಲ್ಲಿ ಒಂಬತ್ತನೆಯದು ಇದು: ಪರೀಕ್ಷಕರು ತಮ್ಮ ಹಾಳೆಯನ್ನು ಮೂಗಿನ ಮಟ್ಟಕ್ಕೆ ಹಿಡಿದು ಬಾಯಿ ಮರೆಮಾಡಿಕೊಳ್ಳಬೇಕು. ಮನಸ್ಸಿನಲ್ಲೇ ಓದಿಕೊಳ್ಳುವಾಗ ನಮ್ಮ ತುಟಿಗಳು ನಮಗೇ ಗೊತ್ತಿಲ್ಲದೆ ಅಲುಗುತ್ತವಂತೆ, ಕೆಲವು ಮಕ್ಕಳು ಅದನ್ನು ನೋಡಿಕೊಂಡು ಹೇಳುತ್ತಾರಂತೆ. ಇದನ್ನು ಓದಿದಾಗ ಹಾಲ್ ತುಂಬ ನಗು. "ನಾವೇನು ದರೋಡೆಗೆ ಹೊರಟಿದೀವಾ, ಮುಖ ಮುಚ್ಕೊಳ್ಳೋಕೆ?" ಎಂದರು ಮೀಸೆ ಮೇಷ್ಟರು. ಆ ಸಲ ನಾನು ನಗಲಿಲ್ಲ.

ಗುಬ್ಬಿಯ ಶಾಲೆ ನನ್ನ ಪಾಲಿಗೆ ಬಂತು. ಅಲ್ಲಿ ನನ್ನ ತಮ್ಮನ ಮಗಳಿದ್ದಾಳೆ, ಬೇರೆಯವರನ್ನು ಕಳಿಸಿ ಎಂದು ಬರೆದುಕೊಟ್ಟೆ. "ನಿಯಮದಲ್ಲಿ ಸ್ವಂತ ಮಕ್ಕಳು ಅಂತಷ್ಟೇ ಇದೆ. ತಮ್ಮನ ಮಗಳು ನಡೆಯುತ್ತೆ. ಇರೋದೇ ಐದು ಜನ," ಎಂದು ಆಫೀಸಿನ ಗುಮಾಸ್ತ ನನ್ನ ಅರ್ಜಿಯನ್ನು ನನಗೇ ಮರಳಿಸಿದ.

ಹಳೆಯ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಪರೀಕ್ಷೆ. ಒಂದು ಮೇಜು, ಎರಡು ಕುರ್ಚಿ, ಬಾಗಿಲ ಬಳಿ ಅಕ್ಷ ಮುರಿದ ಭೂಗೋಳದ ಮಾದರಿ. ಗುಬ್ಬಿ ಕುಣಿದುಕೊಂಡೇ ಒಳಗೆ ಬಂದಳು, ಅತ್ತೆ ಇದ್ದಾಳೆಂಬ ಸಡಗರ. ಮೊದಲು ಅಭ್ಯಾಸಕ್ಕೆಂದು ಒಂದು ವಾಕ್ಯ ಇರುತ್ತದೆ. ಆಗ ಹಾಳೆ ಹಿಡಿಯಬೇಕಾಗಿಲ್ಲ. ತಪ್ಪಿಲ್ಲದೆ ಓದಿದಳು, ಸರಾಗವಾಗಿ. ಅವಳ ಕಣ್ಣು ಮಾತ್ರ ಪುಟದ ಮೇಲೆ ಒಮ್ಮೆಯೂ ಇಳಿಯಲಿಲ್ಲ.

ನಾನು ಹಾಳೆ ಎತ್ತಿ ಹಿಡಿದು ಗಡಿಯಾರ ಒತ್ತಿದೆ. ಅವಳು ಕಾದಳು. ಕುರ್ಚಿಯ ಮೇಲೆ ಮಂಡಿಯೂರಿ ಕತ್ತು ಉದ್ದ ಮಾಡಿದಳು. ಆಮೇಲೆ ತುಂಬ ವಿನಯದಿಂದ, ಅಂಗಡಿಯಲ್ಲಿ ಏನನ್ನೋ ತೋರಿಸಿ ಎಂದು ಕೇಳುವ ಹಾಗೆ, "ಅತ್ತೆ, ಪೇಪರ್ ಸ್ವಲ್ಪ ಕೆಳಗಿಡು. ನಿನ್ನ ಬಾಯಿ ಕಾಣಿಸ್ತಿಲ್ಲ," ಎಂದಳು.

ನಾನು ಇಳಿಸಲಿಲ್ಲ.

ಒಂದು ನಿಮಿಷ ಎಷ್ಟು ಉದ್ದವಿರುತ್ತದೆ ಎಂಬುದು ನಿನಗೆ ತಿಳಿದಿರಬಹುದು. ನನಗೆ ಅಂದು ತಿಳಿಯಿತು. ಒಂಬತ್ತು ಪದ. ಅದರಲ್ಲೂ ಮೂರು ಊಹೆ. ಹೊರಗೆ ಹೋಗುವಾಗ ಆ ಮುರಿದ ಗೋಳವನ್ನು ಕೈಯಿಂದ ಒಮ್ಮೆ ತಿರುಗಿಸಿದಳು. ತಿರುಗಲಿಲ್ಲ, ಉರುಳಿತು.

ಫಲಿತಾಂಶ ಬಂದ ದಿನ ನೀನು ಫೋನ್ ಮಾಡಿದೆ. ಡಿಪೋದಿಂದಲೇ ಮಾಡಿದ್ದೆ, ಹಿಂದೆ ಬಸ್ಸುಗಳ ಸದ್ದು. "ಅಕ್ಕಾ, ಒಂದು ಪೇಪರ್ ಕೆಳಗಿಳಿಸೋಕೆ ನಿನ್ನ ಕೈಗೆ ಏನು ಬಂದಿತ್ತು?" ಎಂದೆ. ನಿಯಮ ಎಂದೆ ನಾನು. "ನಿನ್ನ ನಿಯಮಕ್ಕಿಷ್ಟು! ನನ್ನನ್ನ ಯಾರೂ ಫೇಲ್ ಮಾಡ್ಲಿಲ್ಲ. ನಾನೇನು ಹಾಳಾಗಿ ಹೋದ್ನಾ?"

ಆಗ ಹೇಳಬೇಕಾದ ಮಾತನ್ನು ಈಗ ಬರೆಯುತ್ತೇನೆ. ಯಾರೂ ನಿನ್ನನ್ನು ಫೇಲ್ ಮಾಡಲಿಲ್ಲ, ಹೌದು. ಎಂಜಿನ್ನಿನ ಸದ್ದು ಕೇಳಿಯೇ ಅದಕ್ಕೆ ಏನಾಗಿದೆ ಎಂದು ಹೇಳುವ ಮೆಕ್ಯಾನಿಕ್ ಇಡೀ ಡಿಪೋದಲ್ಲಿ ನೀನೊಬ್ಬನೇ. ಆದರೂ ಮೂರು ಸಲ ಬಂದ ಮೇಸ್ತ್ರಿ ಹುದ್ದೆಯನ್ನು ನೀನು ಮೂರು ಸಲವೂ ಬೇಡವೆಂದೆ. ಎಲ್ಲರೂ ನಿನ್ನನ್ನು ಆಸೆಯಿಲ್ಲದ ಮನುಷ್ಯ ಎಂದರು. ಮೇಸ್ತ್ರಿಯಾದವನು ದಿನಾ ಸಂಜೆ ವರದಿ ಬರೆಯಬೇಕೆಂಬುದು ನನಗೆ ಗೊತ್ತಿತ್ತು. ಮಾತ್ರೆಗಳನ್ನು ನೀನು ಬಣ್ಣದಿಂದ ಗುರುತಿಸುತ್ತೀಯ, ಬಸ್ಸನ್ನು ಡ್ರೈವರನ ಮುಖದಿಂದ. ಇಷ್ಟೊಂದು ಜಾಣತನವನ್ನು ಒಬ್ಬ ಮನುಷ್ಯ ಬಚ್ಚಿಟ್ಟುಕೊಳ್ಳುವುದಕ್ಕೇ ಖರ್ಚು ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಗುಬ್ಬಿ ಈಗ ಹೊಸ ರೀತಿಯಲ್ಲಿ ಮೊದಲಿನಿಂದ ಕಲಿಯುತ್ತಿದ್ದಾಳೆ. ಗೆಳತಿಯರೆಲ್ಲ ಮುಂದೆ ಹೋದರೆಂದು ಬೆಳಿಗ್ಗೆ ಅಳುತ್ತಾಳೆ ಎಂದೂ ಕೇಳಿದೆ. ಈ ಕಾನೂನು ಸರಿಯೋ ತಪ್ಪೋ ಎಂದು ನೀನು ಕೇಳಿದರೆ, ಓದು ಕಲಿಸುವ ರೀತಿ ಸರಿ ಎನ್ನುತ್ತೇನೆ. ಮಗುವನ್ನು ಹಿಂದೆ ಉಳಿಸುವುದು ಸರಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಎರಡೂ ಒಂದೇ ಆದೇಶದಲ್ಲಿವೆ, ಒಂದೇ ಸಹಿಯ ಕೆಳಗೆ. ಬಿಡಿಸಿಕೊಳ್ಳಲು ದಾರಿಯಿಲ್ಲ.

ಹೋದ ವಾರ ನಿನ್ನ ಹೆಂಡತಿ ಫೋನ್ ಮಾಡಿದ್ದಳು. ಅವಳ ಮೇಲೆ ಹರಿಹಾಯಬೇಡ. ಸಂಜೆ ಗುಬ್ಬಿ ಅಕ್ಷರದ ಕಾರ್ಡುಗಳನ್ನು ಹರಡಿಕೊಂಡು ಕೂತರೆ, ಪಕ್ಕದಲ್ಲಿ ಪೇಪರ್ ಬಿಡಿಸಿಕೊಂಡು ನೀನೂ ಕೂರುತ್ತೀಯಂತೆ. "ಅಕ್ಕಾ, ಆ ಪೇಪರ್ ಸೋಮವಾರದ್ದು, ಅವರು ಶುಕ್ರವಾರದ ತನಕ ಅದನ್ನೇ ಹಿಡ್ಕೊಂಡಿರ್ತಾರೆ. ಅವಳು ಸದ್ದು ಹೇಳಿದ್ರೆ ಇವರ ಗಂಟಲು ಅಲ್ಲಾಡುತ್ತೆ," ಎಂದು ನಕ್ಕಳು.

ಪಾಠ ಎಲ್ಲಿಗೆ ಬಂದಿದೆ ಎಂದು ಕೇಳಿದೆ. ಹದಿನೆಂಟು ಮುಗಿದಿದೆಯಂತೆ. ಅಂದರೆ ಕಾಗುಣಿತ ಎಲ್ಲ ಆಗಿದೆ, ಒತ್ತಕ್ಷರ ಇನ್ನೂ ಬಂದಿಲ್ಲ. ಲಕೋಟೆಯಲ್ಲಿರುವ ಚೀಟಿಯನ್ನು ಅಷ್ಟು ಅಕ್ಷರಗಳಲ್ಲೇ ಬರೆದಿದ್ದೇನೆ. ಅಕ್ಷರಗಳು ದೊಡ್ಡದಾಗಿವೆ. ನಿನ್ನನ್ನು ತಮ್ಮ ಎಂದೂ ನನ್ನನ್ನು ಅಕ್ಕ ಎಂದೂ ಅದರಲ್ಲಿ ಬರೆಯಲಾಗಲಿಲ್ಲ, ಅವೆರಡೂ ಮುಂದಿನ ಪಾಠದವು. ಅಮ್ಮಾ, ಇನ್ನು ಸಾಕು. ಚೀಟಿಯನ್ನು ಅವನ ಕೈಗೆ ಕೊಟ್ಟು ನೀನು ಒಳಗೆ ಹೋಗು. ಅವನು ಕರೆದರೂ ಬರಬೇಡ.

ಗುಬ್ಬಿಗೆ ನನ್ನ ಮುತ್ತು, ಅವಳು ಒಪ್ಪಿದರೆ. ಮೂವರಿಗೂ ಒಳ್ಳೆಯದಾಗಲಿ. ನಿನ್ನ ಕೈಗೂ ಕಿವಿಗೂ ಆಯುಸ್ಸು ಗಟ್ಟಿಯಾಗಿರಲಿ.

ನಿನ್ನ,
ಅಕ್ಕ

(ಮಡಚಿದ ಚೀಟಿ)

ಇದು ನಿನಗೆ. ನೀನೇ ಓದು. ನಿಧಾನವಾಗಿ ಓದು.

ಆಗ ನಿನಗೆ ಆರು ವರುಷ. ನಾನು ಕಥೆಯ ಪುಟ ಹಿಡಿದೆ. ನೀನು ಓದಿದೆ.

ನನಗೆ ಆಕಳಿಕೆ ಬಂತು. ಕೈ ಬಾಯಿಗೆ ಹೋಯಿತು. ಓದು ನಿಂತಿತು.

ಕೈ ತೆಗೆದೆ. ಓದು ಮರಳಿ ಬಂತು.

ಬೇಕೆಂದೇ ಮೂರು ಬಾರಿ ಹಾಗೆ ಮಾಡಿ ನೋಡಿದೆ. ಮೂರು ಬಾರಿಯೂ ಓದು ನಿಂತಿತು.

ನನಗೆ ಅಂದೇ ತಿಳಿಯಿತು. ಆದರೂ ಹುಡುಗ ತಾನಾಗಿ ಓದುವನು ಎಂದು ಬರೆದೆ. ಬಹುಮಾನ ಬಂತು. ಯಾರಿಗೂ ಹೇಳದೆ ಉಳಿದೆ.

ನೀನು ಜಾಣ. ನಾನು ಹೇಡಿ.

ಈಗ ಯಾರ ಬಾಯಿಯೂ ನಿನಗೆ ಎದುರಿಗೆ ಇರದು. ಓದಿ ಮುಗಿಯಿತೇ?

ಹಾಗಾದರೆ ನನಗೆ ಬೈದು ಬರೆ. ನೀನೇ ಬರೆ.